ಗಣಕಯಂತ್ರದ ಮನೆವಾರ್ತೆ

ಒಂದು ಮನೆಯ ನೆಮ್ಮದಿಯು ಅದರ ತೊಲೆಕಂಬಗಳ ಗಾತ್ರದಲ್ಲಿರುವುದಿಲ್ಲ, ಆ ಮನೆಯ ಮನೆವಾರ್ತೆಯಲ್ಲಿರುತ್ತದೆ ಎಂಬುದು ಸಂಸಾರಿಗಳೆಲ್ಲರೂ ಬಲ್ಲ ಮಾತು. ಹೊಸಬರೊಬ್ಬರು ಬಂದು ಎರಡು ದಿನ ತಂಗಿದರೆ ಸಾಕು, ನೀರಿನ ಹಂಡೆ ಯಾವ ಕಡೆ, ದೀಪದ ಎಣ್ಣೆ ಯಾವ ಗೂಡಿನಲ್ಲಿ, ಉಪ್ಪಿನ ಭರಣಿ ಯಾವ ಹಲಗೆಯ ಮೇಲೆ ಎಂಬುದು ಯಾರನ್ನೂ ಕೇಳದೆ ಅವರ ಕೈಗೆ ತಿಳಿದುಬಿಡಬೇಕು. ಹಾಗೆ ತಿಳಿಯುವ ಮನೆ ಚಿಕ್ಕದಾದರೂ ಅಚ್ಚುಕಟ್ಟಾದ ಮನೆ. ತಿಳಿಯದ ಮನೆ ಏಳು ಅಂಕಣದ್ದಾದರೂ ಬಂದವರಿಗೆ ಅದು ಸಂತೆಯೇ ಸರಿ.

ಗಣಕಯಂತ್ರಕ್ಕೂ ಈ ಮಾತು ಸಲ್ಲುತ್ತದೆ. ಯಂತ್ರವನ್ನು ಕೊಳ್ಳುವವರು ಸಾಮಾನ್ಯವಾಗಿ ಅದರ ವೇಗವೆಷ್ಟು, ನೆನಪಿನ ಶಕ್ತಿಯೆಷ್ಟು, ಬೆಲೆಯೆಷ್ಟು ಎಂದು ವಿಚಾರಿಸುತ್ತಾರೆ. ಅವು ತೊಲೆಕಂಬಗಳು. ಆದರೆ ದಿನನಿತ್ಯ ಅದರೊಡನೆ ಬಾಳುವೆ ಮಾಡಬೇಕಾದವರಿಗೆ ಎದುರಾಗುವುದು ಬೇರೆ ಎರಡು ಸಂಗತಿಗಳು. ಒಂದು, ಯಂತ್ರದ ಒಳಗೆ ಕುಳಿತು ಯಾವ ಕೆಲಸಕ್ಕೆ ಎಷ್ಟು ಹೊತ್ತು, ಯಾವ ಕಡತಕ್ಕೆ ಎಷ್ಟು ಜಾಗ, ಮುದ್ರಣಯಂತ್ರಕ್ಕೆ ಯಾವಾಗ ಅಪ್ಪಣೆ ಎಂದು ಹಂಚಿಕೊಡುವ ಕಾರ್ಯಾಚರಣ ವ್ಯವಸ್ಥೆ. ಆಪರೇಟಿಂಗ್ ಸಿಸ್ಟಂ ಎಂದು ವ್ಯವಹಾರದಲ್ಲಿ ಪ್ರಸಿದ್ಧವಾದದ್ದು ಇದೇ. ಇನ್ನೊಂದು, ಪರದೆಯ ಮೇಲೆ ಕಿಟಕಿಗಳಾಗಿ, ಗುಂಡಿಗಳಾಗಿ, ಚಿತ್ರಗಳಾಗಿ ಕಣ್ಣಿಗೆ ಕಾಣುವ ಚಿತ್ರಮಯ ಆವರಣ. ಮೊದಲನೆಯದು ಉಗ್ರಾಣದ ಆಡಳಿತ, ಎರಡನೆಯದು ಪಡಸಾಲೆ. ಬಂದವರು ಕುಳಿತುಕೊಳ್ಳುವುದು ಪಡಸಾಲೆಯಲ್ಲೇ ಆದರೂ ಊಟ ಬರಬೇಕಾದದ್ದು ಉಗ್ರಾಣದಿಂದ. ಇವೆರಡರ ಭೇದವನ್ನು ಅರಿಯದೆ ಮಾಡಿದ ತುಲನೆ ತುಲನೆಯಲ್ಲ.

ಈ ಭೇದವು ತಾಲ್ಲೂಕು ಕೇಂದ್ರವೊಂದರ ಮಠದ ಪ್ರೌಢಶಾಲೆಯಲ್ಲಿ ಒಂದು ದಿನ ಚರ್ಚೆಯ ವಿಷಯವಾಗಬೇಕಾಯಿತು. ಕಾರಣ ಹೀಗಿದೆ. ಆ ಶಾಲೆಯ ಗಣಕ ಕೊಠಡಿಯಲ್ಲಿ ಭಕ್ತರೊಬ್ಬರು ಹಿಂದೆಂದೋ ದಾನವಾಗಿ ಕೊಟ್ಟ ಇಪ್ಪತ್ತು ಯಂತ್ರಗಳಿದ್ದುವು. ಎಲ್ಲವೂ ವಿಂಡೋಸ್ ೧೦ ಎಂಬ ವ್ಯವಸ್ಥೆಯಲ್ಲಿ ನಡೆಯುತ್ತಿದ್ದುವು. ೨೦೧೫ರಲ್ಲಿ ಹೊರಬಂದ ಆ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಬೆಂಬಲ ನಿಂತಿತೆಂದರೆ ಯಂತ್ರ ನಿಂತಿತೆಂದಲ್ಲ. ಮನೆಯ ಗೋಡೆಯಲ್ಲಿ ಹೊಸದಾಗಿ ಬಿಲ ಕಂಡುಬಂದರೆ ಅದನ್ನು ಮುಚ್ಚಲು ಇನ್ನು ಗಾರೆಯವನು ಬರುವುದಿಲ್ಲ ಎಂದು ಮಾತ್ರ ಅದರ ಅರ್ಥ. ಹಣ ಕೊಟ್ಟು ಅಥವಾ ಕೆಲವು ನಿಬಂಧನೆಗಳಿಗೆ ಒಪ್ಪಿ ಇನ್ನಷ್ಟು ಕಾಲ ಆ ರಕ್ಷಣೆಯನ್ನು ಪಡೆಯುವ ದಾರಿಯನ್ನೂ ಸಂಸ್ಥೆ ತೆರೆದಿತ್ತಾದರೂ ಅದು ವಾಯಿದೆಯೇ ಹೊರತು ಪರಿಹಾರವಲ್ಲ. ೨೦೨೧ರಲ್ಲಿ ಬಂದ ವಿಂಡೋಸ್ ೧೧ನ್ನು ಹಾಕಿಸೋಣವೆಂದರೆ ಅದು ಟಿಪಿಎಂ ೨.೦ ಎಂಬ ಭದ್ರತಾ ಘಟಕವನ್ನು ಕೇಳುತ್ತದೆ, ಇಂತಹ ಕಾಲದಿಂದ ಈಚಿನ ಸಂಸ್ಕಾರಕವೇ ಬೇಕೆಂದು ಹಟ ಹಿಡಿಯುತ್ತದೆ. ಶಾಲೆಯ ಇಪ್ಪತ್ತರಲ್ಲಿ ಒಂದಕ್ಕೂ ಆ ಯೋಗ್ಯತೆಯಿರಲಿಲ್ಲ.

ಗಣಕ ಶಿಕ್ಷಕಿಯವರು ಈ ಸಂಗತಿಯನ್ನು ಪೂಜ್ಯರಲ್ಲಿ ನಿವೇದಿಸಿಕೊಂಡರು.

“ಯಂತ್ರಗಳು ಕೆಟ್ಟಿವೆಯೇ?” ಎಂದು ಪೂಜ್ಯರು ಕೇಳಿದರು.

“ಇಲ್ಲ ಬುದ್ಧಿ. ಚೆನ್ನಾಗಿಯೇ ಇವೆ. ಅವುಗಳಿಗೆ ಕಾವಲು ತಪ್ಪಿದೆ, ಅಷ್ಟೆ.”

“ಕೆಡದ ವಸ್ತುವನ್ನು ಬಿಸಾಡುವುದು ದಾಸೋಹದ ಮನೆಗೆ ತರವಲ್ಲ. ಹಾಗೆಂದು ಮಕ್ಕಳಿಗೆ ಮೋಸವೂ ಆಗಬಾರದು. ಬೇರೆ ದಾರಿಗಳೇನಿವೆಯೋ ತೂಗಿ ನೋಡಿ. ತೂಗುವಾಗ ಭಂಡಾರದ ಹಿರಿಯರನ್ನೂ ಕೂಡಿಸಿಕೊಳ್ಳಿ. ದಿನವೂ ಯಂತ್ರದ ಮುಂದೆ ಕೂರುವವರು ಅವರು.”

ಭಂಡಾರದ ಹಿರಿಯರೆಂದರೆ ಮಠದ ಗ್ರಂಥಪಾಲಕರು. ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ಮಠದ ತಾಡವೋಲೆಯ ಕಟ್ಟುಗಳನ್ನು ಬಿಚ್ಚಿ, ಗರಿಗೆ ಎಣ್ಣೆ ಸವರಿ, ಅಕ್ಷರಕ್ಕೆ ಮಸಿ ತೀಡಿ ಓದಿ, ಅದರ ಪಾಠವನ್ನು ಗಣಕಯಂತ್ರಕ್ಕೆ ಇಳಿಸುವ ಕಾಯಕವನ್ನು ಹದಿನೈದು ವರ್ಷಗಳಿಂದ ನಡೆಸಿಕೊಂಡು ಬಂದವರು. ಎಪ್ಪತ್ತು ದಾಟಿದ ಮೇಲೂ ಬೆಳಗಿನ ಪೂಜೆ ಮುಗಿದೊಡನೆ ಕೀಲಿಮಣೆಯ ಮುಂದೆ ಅವರು ಕುಳಿತಿರದ ದಿನವಿಲ್ಲ. ಸಾವಿರಕ್ಕೂ ಮಿಕ್ಕ ಗರಿಗಳ ಪಾಠ ಅವರ ಕೈಯಿಂದ ಯಂತ್ರಕ್ಕೆ ಸೇರಿತ್ತು. ಅದರಲ್ಲಿ ಎರಡು ಕಟ್ಟುಗಳು ಪ್ರತಿಮಾಡಿಕೊಂಡ ಮರುವರ್ಷವೇ ಹುಳು ತಿಂದು ಹುಡಿಯಾಗಿದ್ದುವು. ಆ ಎರಡು ಗ್ರಂಥಗಳು ಲೋಕದಲ್ಲಿ ಉಳಿದಿದ್ದರೆ ಅವರ ಯಂತ್ರದ ಒಳಗೇ ಉಳಿದಿರಬೇಕು. ಹೀಗಿರುವಾಗ ಯಂತ್ರದ ವ್ಯವಸ್ಥೆ ಬದಲಾಗುವುದು ಅವರ ಮಟ್ಟಿಗೆ ಬರಿಯ ಪಡಸಾಲೆಯ ಮಾತಾಗಿರಲಿಲ್ಲ.

ತೂಗಿನೋಡುವ ಕ್ರಮವನ್ನು ಶಿಕ್ಷಕಿಯವರು ಸರಳವಾಗಿ ಹೂಡಿದರು. ಗ್ರಂಥಾಲಯದ ಉದ್ದ ಮೇಜಿನ ಮೇಲೆ ಮೂರು ಯಂತ್ರಗಳನ್ನು ಸಾಲಾಗಿ ಇರಿಸಿದರು. ಮೊದಲನೆಯದು ವಿಂಡೋಸ್ ೧೧ ಇರುವ ಹೊಸ ಯಂತ್ರ, ಅಂಗಡಿಯಿಂದ ಪರೀಕ್ಷೆಗೆಂದು ತಂದದ್ದು. ಎರಡನೆಯದು ಹಳೆಯ ವಿದ್ಯಾರ್ಥಿಯೊಬ್ಬರು ಒಂದು ತಿಂಗಳ ಮಟ್ಟಿಗೆ ಕೊಟ್ಟ ಆ್ಯಪಲ್ ಸಂಸ್ಥೆಯ ಮ್ಯಾಕ್. ಮೂರನೆಯದು ಶಾಲೆಯ ಇಪ್ಪತ್ತರಲ್ಲೇ ಒಂದು. ಅದರ ಹಳೆಯ ವ್ಯವಸ್ಥೆಯನ್ನು ತೆಗೆದು ಲಿನಕ್ಸ್ ಮಿಂಟ್ ಎಂಬುದನ್ನು ಹಾಕಲಾಗಿತ್ತು. ಮೂರರಲ್ಲಿಯೂ ಮಾಡಬೇಕಾದ ಕೆಲಸಗಳು ಒಂದೇ: ಕನ್ನಡದಲ್ಲಿ ಒಂದು ಪತ್ರ ಬರೆಯುವುದು, ಅದನ್ನು ಉಳಿಸಿಟ್ಟು ಮರುದಿನ ಹುಡುಕಿ ತೆಗೆಯುವುದು, ಮುದ್ರಿಸುವುದು, ಹಳೆಯ ಕಡತವೊಂದನ್ನು ತೆರೆಯುವುದು. ದಿನಬಳಕೆಯೆಂದರೆ ಇದಕ್ಕಿಂತ ಹೆಚ್ಚೇನೂ ಅಲ್ಲ.

ಫಲವನ್ನು ಹೇಳುವ ಮುನ್ನ ಈ ಮೂರು ಮನೆತನಗಳ ಪೂರ್ವೋತ್ತರವನ್ನು ಚುಟುಕಾಗಿ ಅರಿಯುವುದು ಒಳ್ಳೆಯದು. ಪರದೆಯ ಮೇಲೆ ಬಾಣದ ಗುರುತನ್ನು ಓಡಾಡಿಸುವ ಮೌಸ್ ಎಂಬ ಸಾಧನವನ್ನು ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಅಮೆರಿಕದ ವಿಜ್ಞಾನಿ ೧೯೬೮ರ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸಭೆಯ ಮುಂದೆ ಪ್ರದರ್ಶಿಸಿದರು. ೧೯೭೩ರಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಆಲ್ಟೋ ಎಂಬ ಯಂತ್ರ ಸಿದ್ಧವಾಯಿತು. ಅದೇ ಸಂಸ್ಥೆಯ ಸ್ಟಾರ್ ಎಂಬ ಯಂತ್ರ ೧೯೮೧ರಲ್ಲಿ ಮಾರುಕಟ್ಟೆಗೆ ಬಂತು. ಬರೆಯುವ ಮೇಜು, ಅದರ ಮೇಲೆ ಕಾಗದ, ಕಾಗದ ಇಡುವ ಕಡತ ಎಂಬ ಕಚೇರಿಯ ಚಿತ್ರವೇ ಪರದೆಯ ಮೇಲೆ ಮೂಡಿದ್ದು ಅದರಲ್ಲಿ. ಆ ಮಾದರಿಯನ್ನು ಜನಸಾಮಾನ್ಯರಿಗೆ ತಲುಪಿಸಿದ್ದು ೧೯೮೪ರ ಜನವರಿಯಲ್ಲಿ ಆ್ಯಪಲ್ ಹೊರತಂದ ಮ್ಯಾಕಿಂಟಾಷ್. ೧೯೮೫ರ ನವೆಂಬರಿನಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ ಬಂತು. ೧೯೯೫ರಲ್ಲಿ ಅದು ಎಡ ಮೂಲೆಯಲ್ಲಿ ‘ಸ್ಟಾರ್ಟ್’ ಎಂಬ ಗುಂಡಿಯನ್ನೂ ಅಡಿಯಲ್ಲಿ ಉದ್ದನೆಯ ಪಟ್ಟಿಯನ್ನೂ ಇಟ್ಟಿತು. ಆ ಮೂಲೆಯು ಕೋಟ್ಯಂತರ ಜನರ ಬೆರಳಿಗೆ ಹೊಸ್ತಿಲಿನಂತೆ ರೂಢಿಯಾಯಿತು.

ಲಿನಕ್ಸ್‌ನ ಹುಟ್ಟು ಬೇರೆ ಬಗೆಯದು. ೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ವ್ಯವಸ್ಥೆಗೆ ಅಡಿಪಾಯ ಹಾಕಿದ್ದರು. ಅದರ ಮಾದರಿಯಲ್ಲಿ, ಆದರೆ ಯಾರ ಒಡೆತನಕ್ಕೂ ಸೆರೆಯಾಗದ ವ್ಯವಸ್ಥೆಯೊಂದನ್ನು ಕಟ್ಟಬೇಕೆಂದು ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಗ್ನು ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ತಿರುಳು ಅದಕ್ಕೆ ಜೊತೆಗೂಡಿತು. ಲೋಕದ ನಾನಾ ಕಡೆಯವರು ತಮಗೆ ಬೇಕಾದುದನ್ನು ತಾವು ಮಾಡಿ, ಮಾಡಿದುದನ್ನು ಎಲ್ಲರಿಗೂ ಬಡಿಸಿದರು. ಬಡಿಸಿದವರ ಹೆಸರು ಉಂಡವರಿಗೆ ತಿಳಿಯದು. ಸಾಮೂಹಿಕ ಪಂಕ್ತಿಯ ಮರ್ಯಾದೆಯನ್ನು ಬಲ್ಲ ಮಠದ ವಾತಾವರಣಕ್ಕೆ ಈ ನಡತೆ ಹೊಸದಾಗಿ ತೋರಬೇಕಾದದ್ದಿಲ್ಲ. ವಿನೋದವೆಂದರೆ ಮ್ಯಾಕ್‌ನ ಇಂದಿನ ವ್ಯವಸ್ಥೆಯೂ ೨೦೦೧ರಿಂದ ಈಚೆಗೆ ಯುನಿಕ್ಸ್ ವಂಶಕ್ಕೇ ಸೇರಿದುದು. ಒಂದೇ ಬಳ್ಳಿಯ ಕಾಯಿ, ಒಂದು ಅರಮನೆಯ ತಟ್ಟೆಯಲ್ಲಿ, ಇನ್ನೊಂದು ದಾಸೋಹದ ಎಲೆಯಲ್ಲಿ.

ಮೊದಲ ದಿನ ಹಿರಿಯರು ಹೊಸ ವಿಂಡೋಸ್ ಯಂತ್ರದ ಮುಂದೆ ಕುಳಿತರು. ಯಂತ್ರವು ಬರಮಾಡಿಕೊಳ್ಳುವ ಮೊದಲೇ ಅಂತರಜಾಲದ ಖಾತೆಯೊಂದನ್ನು ಕೇಳಿತು. “ನನ್ನ ಮನೆಗೆ ನಾನು ಹೋಗುವುದಕ್ಕೆ ಯಾರಲ್ಲಿ ಹೆಸರು ಬರೆಸಬೇಕು?” ಎಂದು ಅವರು ಹುಬ್ಬೇರಿಸಿದರು. ಒಳಹೊಕ್ಕ ಮೇಲೆ ಅವರ ಕೈ ಅಭ್ಯಾಸಬಲದಿಂದ ಎಡ ಮೂಲೆಗೆ ಹೋಯಿತು. ಗುಂಡಿ ಅಲ್ಲಿರಲಿಲ್ಲ, ನಡುವಿಗೆ ಸರಿದಿತ್ತು. ಮತ್ತೆ ಎಡಕ್ಕೆ ತರುವ ಉಪಾಯವೂ ಅದರಲ್ಲೇ ಇದೆಯೆಂದು ಶಿಕ್ಷಕಿಯವರು ತೋರಿಸಿಕೊಟ್ಟರು. ಉಳಿದಂತೆ ಕೆಲಸಗಳು ಸಲೀಸಾಗಿ ನಡೆದುವು. ಮುದ್ರಣಯಂತ್ರವನ್ನು ಜೋಡಿಸಿದೊಡನೆ ಗುರುತಿಸಿತು. ಕನ್ನಡದ ಕೀಲಿಮಣೆಯೂ ಇತ್ತು. ಸರಕಾರದ ಮಾನ್ಯತೆ ಪಡೆದ ಇನ್‌ಸ್ಕ್ರಿಪ್ಟ್ ವಿನ್ಯಾಸವಲ್ಲದೆ, ೨೦೧೯ರಿಂದ ಈಚೆಗೆ ಉಚ್ಚಾರಣೆಯನ್ನು ಅನುಸರಿಸುವ ವಿನ್ಯಾಸವೂ ವಿಂಡೋಸ್‌ನಲ್ಲಿ ಸೇರಿದೆ. ಯಾವ ಹೊಸ ಉಪಕರಣವನ್ನು ತಂದರೂ ಅದರ ತಯಾರಕರು ಮೊದಲು ನೆನೆಯುವುದು ಈ ವ್ಯವಸ್ಥೆಯನ್ನೇ ಎಂಬುದು ಇದರ ದೊಡ್ಡ ಬಲ.

ಎರಡನೆಯ ದಿನ ಮ್ಯಾಕ್. ಇದರ ಸೊಬಗಿಗೆ ಹಿರಿಯರು ಮನಸೋತರೆಂದೇ ಹೇಳಬೇಕು. ಅಕ್ಷರಗಳು ತಾಮ್ರಪಟದಲ್ಲಿ ಕೊರೆದಂತೆ ಸ್ಪಷ್ಟ. ಯಾವ ಕೆಲಸದಲ್ಲಿದ್ದರೂ ಆದೇಶಗಳ ಪಟ್ಟಿ ಪರದೆಯ ನೆತ್ತಿಯಲ್ಲೇ ಇರುತ್ತದೆ. ಒಂದೊಂದು ಕಿಟಕಿಯಲ್ಲಿ ಒಂದೊಂದು ಕಡೆ ಹುಡುಕಬೇಕಾಗಿಲ್ಲ. ಆದರೆ ಮುಚ್ಚುವ ಗುಂಡಿ ಬಲಗಡೆಯಿರದೆ ಎಡಗಡೆಯಿದ್ದುದೂ, ಕಿಟಕಿಯನ್ನು ಮುಚ್ಚಿದರೂ ಒಳಗಿನ ಕಾರ್ಯಕ್ರಮ ಮುಗಿಯದೆ ಜೀವಂತವಾಗಿರುವುದೂ ಅವರನ್ನು ಗೊಂದಲಕ್ಕೆ ಈಡುಮಾಡಿದುವು. “ಬಾಗಿಲು ಹಾಕಿದ ಮೇಲೂ ಅತಿಥಿ ಪಡಸಾಲೆಯಲ್ಲೇ ಕುಳಿತಿದ್ದಾನಲ್ಲ ತಾಯಿ!” ಎಂದು ನಕ್ಕರು. ಇವೆಲ್ಲ ಹತ್ತು ದಿನದ ಅಭ್ಯಾಸದಿಂದ ಹೋಗುವ ತೊಡಕುಗಳು. ಹೋಗದ ತೊಡಕು ಒಂದೇ: ಈ ವ್ಯವಸ್ಥೆಯು ಆ ಸಂಸ್ಥೆಯೇ ಮಾಡಿದ ಯಂತ್ರಗಳಿಗಲ್ಲದೆ ಬೇರೆಯವಕ್ಕೆ ಸಿಗುವುದಿಲ್ಲ. ಶಾಲೆಯ ಇಪ್ಪತ್ತು ಯಂತ್ರಗಳಿಗೆ ಅದರಿಂದ ಯಾವ ಉಪಕಾರವೂ ಇಲ್ಲ. ಇಪ್ಪತ್ತು ಹೊಸ ಮ್ಯಾಕ್‌ಗಳ ಬೆಲೆಯನ್ನು ಕೇಳಿದ ಮುಖ್ಯೋಪಾಧ್ಯಾಯರು ಆ ಮಾತನ್ನು ಮುಂದುವರಿಸಲಿಲ್ಲ.

ಮೂರನೆಯ ದಿನ ಹಳೆಯ ಯಂತ್ರದಲ್ಲಿ ಲಿನಕ್ಸ್ ಮಿಂಟ್. ಪರದೆ ತೆರೆದೊಡನೆ ಹಿರಿಯರ ಕೈ ಎಡ ಮೂಲೆಗೆ ಹೋಯಿತು. ಗುಂಡಿ ಅಲ್ಲೇ ಇತ್ತು, ಪಟ್ಟಿ ಅಡಿಯಲ್ಲೇ ಇತ್ತು. “ಇದು ಹಳೆಯದೇ ಅಲ್ಲವೇ?” ಎಂದು ಅವರು ಕೇಳಿದರು. ಅಲ್ಲವೆಂದು ತಿಳಿಸುವುದಕ್ಕೆ ಶಿಕ್ಷಕಿಯವರು ಒಂದು ಪ್ರಯೋಗವನ್ನೇ ಮಾಡಬೇಕಾಯಿತು. ಹೊರಹೋಗುವ ಗುಂಡಿಯನ್ನೊತ್ತಿ, ಪ್ರವೇಶದ ಪರದೆಯಲ್ಲಿ ಬೇರೊಂದು ಹೆಸರನ್ನು ಆರಿಸಿ, ಮತ್ತೆ ಒಳಹೊಕ್ಕರು. ಪಟ್ಟಿ ಮಾಯವಾಗಿತ್ತು, ಪರದೆ ಗುಡಿಸಿ ಸಾರಿಸಿದ ಅಂಗಳದಂತೆ ಬರಿದಾಗಿತ್ತು. ಇದು ೧೯೯೭ರಲ್ಲಿ ಆರಂಭವಾದ ಗ್ನೋಮ್ ಎಂಬ ಆವರಣ. ಮತ್ತೊಮ್ಮೆ ಹೊರಬಂದು ಒಳಹೋದಾಗ ೧೯೯೬ರಲ್ಲಿ ಆರಂಭವಾದ ಕೆಡಿಇ. ಅದರಲ್ಲಿ ಕಿಟಕಿಯ ಅಂಚಿನ ಬಣ್ಣದಿಂದ ಹಿಡಿದು ಪಟ್ಟಿಯ ಅಗಲದವರೆಗೆ ಪ್ರತಿಯೊಂದನ್ನೂ ಬೇಕಾದಂತೆ ತಿದ್ದಿಕೊಳ್ಳಬಹುದು. ಮತ್ತೊಂದು ಸಲ ಎಕ್ಸ್‌ಎಫ್‌ಸಿಇ, ಅಲಂಕಾರ ಕಡಮೆ, ಓಟ ಚುರುಕು. ಮೊದಲು ಕಂಡದ್ದು ಸಿನಮನ್. ನಾಲ್ಕು ಸಲವೂ ಹಿರಿಯರು ಬರೆದ ಪತ್ರ ಇಟ್ಟ ಜಾಗದಲ್ಲೇ ಇತ್ತು. ಉಗ್ರಾಣ ಒಂದೇ, ಪಡಸಾಲೆಗಳು ನಾಲ್ಕು. ವ್ಯವಸ್ಥೆ ಬೇರೆ, ಆವರಣ ಬೇರೆ ಎಂಬ ಸೂತ್ರಕ್ಕೆ ಇದಕ್ಕಿಂತ ಸುಲಭವಾದ ವೃತ್ತಿ ಬೇಕಿಲ್ಲ.

“ಪುದೀನ ಆಯಿತು, ದಾಲ್ಚಿನ್ನಿಯೂ ಆಯಿತು, ಅಡುಗೆಮನೆಯ ಹೆಸರುಗಳೇ ಎಲ್ಲ” ಎಂದು ಹಿರಿಯರು ಮಿಂಟ್ ಮತ್ತು ಸಿನಮನ್ ಎಂಬ ಹೆಸರುಗಳನ್ನು ಕೇಳಿ ಹೇಳಿದರು.

ಆ ದಾಲ್ಚಿನ್ನಿಯ ಹಿಂದೆಯೂ ಒಂದು ಕಥೆಯುಂಟು. ೨೦೧೧–೧೨ರ ಸುಮಾರಿಗೆ, ಬೆರಳಿನಿಂದ ಮುಟ್ಟಿ ನಡೆಸುವ ಪರದೆಗಳೇ ಇನ್ನು ಮುಂದಿನ ಕಾಲ ಎಂಬ ನಂಬಿಕೆ ಎಲ್ಲ ಮನೆತನಗಳಿಗೂ ಒಟ್ಟಿಗೇ ಹಿಡಿಯಿತು. ೨೦೧೧ರಲ್ಲಿ ಗ್ನೋಮ್ ತನ್ನ ಮೂರನೆಯ ಆವೃತ್ತಿಯಲ್ಲಿ ಹಳೆಯ ಪಡಸಾಲೆಯನ್ನು ಕೆಡವಿ ಹೊಸದನ್ನು ಕಟ್ಟಿತು. ೨೦೧೨ರಲ್ಲಿ ವಿಂಡೋಸ್ ೮ ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿತು. ಬಳಸುವವರು ಬಾಯಿಬಾಯಿ ಬಡಿದುಕೊಂಡರು. ಮೈಕ್ರೋಸಾಫ್ಟ್ ೨೦೧೩ರಲ್ಲಿ ಗುಂಡಿಯನ್ನೂ, ೨೦೧೫ರಲ್ಲಿ ಅದರ ಹಿಂದಿನ ಪಟ್ಟಿಯನ್ನೂ ಮರಳಿಸಬೇಕಾಯಿತು. ಲಿನಕ್ಸ್ ಲೋಕದಲ್ಲಾದರೋ ಒಡೆಯರು ಮರಳಿಸಲೆಂದು ಕಾಯುವ ಅಗತ್ಯವಿರಲಿಲ್ಲ. ಹಳೆಯ ಗ್ನೋಮನ್ನು ಇಷ್ಟಪಟ್ಟವರು ಅದನ್ನೇ ಎತ್ತಿಕೊಂಡು ಮಾಟೆ ಎಂಬ ಹೆಸರಿನಲ್ಲಿ ಉಳಿಸಿಕೊಂಡರು. ಮಿಂಟ್‌ನವರು ಹೊಸ ತಿರುಳಿನ ಮೇಲೆ ಹಳೆಯ ರೂಢಿಯ ಸಿನಮನ್ನನ್ನು ಕಟ್ಟಿಕೊಂಡರು. ಬಹು ಆಯ್ಕೆಯಿಂದ ಹೊಸಬರಿಗೆ ದಿಕ್ಕುತಪ್ಪುವುದು ನಿಜ, ಆದರೆ ಒಬ್ಬರ ಅಭ್ಯಾಸವನ್ನು ಇನ್ನೊಬ್ಬರು ಕಿತ್ತುಕೊಳ್ಳಲಾಗುವುದಿಲ್ಲ ಎಂಬ ಲಾಭ ಅದರಲ್ಲಿದೆ.

ಮಿಂಟ್‌ನ ಯಂತ್ರದಲ್ಲಿ ಮುದ್ರಣ ಮಾತ್ರ ಮೊದಲ ಯತ್ನಕ್ಕೆ ನಡೆಯಲಿಲ್ಲ. ಶಿಕ್ಷಕಿಯವರು ಅರ್ಧ ದಿನ ಅದರೊಡನೆ ಹೆಣಗಿದರು. ಅಂಗಡಿಯವನನ್ನು ಕರೆದರೆ ಅವನಿಗೆ ಈ ವ್ಯವಸ್ಥೆಯ ಪರಿಚಯವೇ ಇರಲಿಲ್ಲ. ಬಿಟ್ಟಿಯಾಗಿ ಬಂದ ವಸ್ತುವಿಗೂ ಬೆಲೆಯಿರುತ್ತದೆ. ಅದನ್ನು ಹಣದಲ್ಲಲ್ಲ, ಕಲಿಯುವ ಶ್ರಮದಲ್ಲಿ ತೆರಬೇಕಾಗುತ್ತದೆ.

ಪಂಡಿತರಾದವರು ಪರೀಕ್ಷೆಯನ್ನು ಅಕ್ಷರದಿಂದಲ್ಲದೆ ಇನ್ನಾವುದರಿಂದ ಮಾಡಿಯಾರು? ಹಿರಿಯರು ಮೂರು ಯಂತ್ರಗಳಲ್ಲಿಯೂ ಕೆಲವು ಕಠಿಣ ಪದಗಳನ್ನು ಬರೆದು ನೋಡಿದರು. ‘ರಾಷ್ಟ್ರ’, ‘ಸ್ತ್ರೀ’ ಎಂಬಲ್ಲಿ ಒತ್ತಿನ ಕೆಳಗೆ ಒತ್ತು ಸರಿಯಾಗಿ ಕೂರಬೇಕು. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಬರಬೇಕು. ‘ರ‍್ಯಾಂಕ್’ ಎಂದು ಬರೆದಾಗ ಅದು ಬರದೆ ರಕಾರವೇ ನಿಲ್ಲಬೇಕು. ಯುನಿಕೋಡ್ ಪದ್ಧತಿಯಲ್ಲಿ ಈ ಎರಡನೆಯ ರೂಪಕ್ಕಾಗಿ ರಕಾರದ ಮುಂದೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಬೇಕಾಗುತ್ತದೆ. ಕೊನೆಗೆ ಹಳಗನ್ನಡದ ಱ ಮತ್ತು ೞ. ಕೀಲಿಮಣೆಯಲ್ಲಿ ಅವುಗಳ ಸ್ಥಾನವನ್ನು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತಾದರೂ ಅಂದಿನ ಪರೀಕ್ಷೆಯಲ್ಲಿ ಮೂರು ಯಂತ್ರಗಳೂ ತೇರ್ಗಡೆಯಾದುವು. ಯುನಿಕೋಡ್‌ನ ಪಟ್ಟಿಯಲ್ಲಿ ೞಕಾರಕ್ಕೆ ತಪ್ಪಾಗಿ ‘ಫ’ ಎಂಬರ್ಥದ ಹೆಸರು ಬಿದ್ದಿದೆಯೆಂದೂ, ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ಕಟ್ಟಳೆಯಿಂದಾಗಿ ಪಕ್ಕದಲ್ಲಿ ಸರಿಯಾದ ಹೆಸರನ್ನು ಪರ್ಯಾಯವೆಂದು ಬರೆದಿದ್ದಾರೆಂದೂ ಶಿಕ್ಷಕಿಯವರು ತಿಳಿಸಿದಾಗ ಹಿರಿಯರು, “ಅಕ್ಷರ ಉಳಿದರೆ ಸಾಕು ತಾಯಿ. ಹೆಸರು ತಪ್ಪಿದ ಮಕ್ಕಳು ಊರಲ್ಲಿ ಎಷ್ಟಿಲ್ಲ!” ಎಂದರು.

ಅನಂತರ ಕೊನೆಯ ಪರೀಕ್ಷೆ: ಹಳೆಯ ಕಡತವನ್ನು ತೆರೆಯುವುದು. ಹಿರಿಯರು ತಮ್ಮ ಜೇಬಿನಿಂದ ಪೆನ್‌ಡ್ರೈವ್ ತೆಗೆದು, ಹುಳು ತಿಂದ ಎರಡು ಕಟ್ಟುಗಳಲ್ಲಿ ಒಂದರ ಪಾಠವನ್ನು ತೆರೆದರು. ವಿಂಡೋಸ್‌ನ ಹೊಸ ಯಂತ್ರದಲ್ಲಿ ಕಂಡದ್ದು ಇಂಗ್ಲಿಷ್ ಅಕ್ಷರ, ಚಿಹ್ನೆ, ಕೊಂಬುಗಳ ಕಲಸುಮೇಲೋಗರ. ಮ್ಯಾಕ್‌ನಲ್ಲಿಯೂ ಅದೇ. ಮಿಂಟ್‌ನಲ್ಲಿಯೂ ಅದೇ. ಹಿರಿಯರು ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಲಸುಮೇಲೋಗರ ಹಾಗೆಯೇ ಇತ್ತು. ಹದಿನೈದು ವರ್ಷಗಳ ಕಾಯಕ ಮೂರು ಮನೆಗಳ ಅಂಗಳದಲ್ಲಿಯೂ ಗುರುತು ಸಿಕ್ಕದೆ ನಿಂತಿತ್ತು.

ಇದಕ್ಕೆ ಯಾವ ವ್ಯವಸ್ಥೆಯೂ ಹೊಣೆಯಲ್ಲ. ಗಣಕಯಂತ್ರಗಳಿಗೆ ಕನ್ನಡ ತಿಳಿಯದ ಕಾಲದಲ್ಲಿ ಕನ್ನಡಿಗರು ಕಂಡುಕೊಂಡ ಉಪಾಯವೊಂದಿತ್ತು. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಅಕ್ಷರಗಳ ಮತ್ತು ಅಕ್ಷರಭಾಗಗಳ ಆಕೃತಿಗಳನ್ನು ಕೂರಿಸಿದ ಅಕ್ಷರಶೈಲಿಗಳನ್ನು ಮಾಡಿಕೊಂಡರು. ಕಣ್ಣಿಗೆ ಕಾಣುವುದು ಕನ್ನಡ. ಯಂತ್ರ ತಿಳಿದಿರುವುದು ಇಂಗ್ಲಿಷ್. ಆ ಕಾಲಕ್ಕೆ ಅದು ಮಹೋಪಕಾರವೇ ಆಗಿತ್ತು. ೧೯೯೮ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಇವುಗಳಿಲ್ಲದಿದ್ದರೆ ಕನ್ನಡದ ಕಚೇರಿಗಳೂ ಮುದ್ರಣಾಲಯಗಳೂ ಗಣಕದ ಬಾಗಿಲನ್ನು ದಾಟುತ್ತಲೇ ಇರಲಿಲ್ಲ. ೧೯೯೧ರಲ್ಲಿ ಯುನಿಕೋಡ್ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡದ ಒಂದೊಂದು ವರ್ಣಕ್ಕೂ ತನ್ನದೇ ಆದ ಸ್ಥಾನವನ್ನು ಕೊಟ್ಟಿತ್ತಾದರೂ, ೨೦೦೧ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಅಕ್ಷರಶೈಲಿ ಬರುವವರೆಗೆ ಸಾಮಾನ್ಯ ಬಳಕೆದಾರರಿಗೆ ಅದು ಕೈಗೆಟುಕಲಿಲ್ಲ. ಎಟುಕಿದ ಮೇಲೂ ಹಲವರು ಕೈಗೆ ರೂಢಿಯಾದ ಹಳೆಯ ಸಂಕೇತವನ್ನೇ ಮುಂದುವರಿಸಿದರು. ಭಂಡಾರದ ಹಿರಿಯರೂ ಅವರಲ್ಲಿ ಒಬ್ಬರು. ಮುಂದಿನ ತಂತ್ರಾಂಶಗಳು ಯುನಿಕೋಡಿನಲ್ಲಿ ಬರೆಯುವ ಅನುಕೂಲವನ್ನು ಕೊಟ್ಟಿದ್ದರೂ ಆ ಗುಂಡಿಯನ್ನು ಒತ್ತಬೇಕೆಂದು ಅವರಿಗೆ ಹೇಳಿದವರಿರಲಿಲ್ಲ.

“ಹಳೆಯ ಅಕ್ಷರಶೈಲಿಯನ್ನು ತಂದು ಇದರಲ್ಲಿ ಹಾಕಿದರೆ ಕಾಣುತ್ತದೆ, ಗುರುಗಳೇ” ಎಂದು ಶಿಕ್ಷಕಿಯವರು ಸಮಾಧಾನ ಹೇಳಿದರು. “ಆದರೆ ಯಂತ್ರಕ್ಕೆ ಅದು ಕನ್ನಡವೆಂದು ತಿಳಿಯುವುದಿಲ್ಲ. ಒಂದು ಪದ ಹುಡುಕೆಂದರೆ ಹುಡುಕಲಾರದು. ಆ ಶೈಲಿ ಮುಂದೆಂದಾದರೂ ಕಳೆದುಹೋದರೆ ಮತ್ತೆ ಇದೇ ಗತಿ. ಪರಿವರ್ತನೆ ಮಾಡುವುದೇ ಸರಿ.”

“ಎಷ್ಟು ದಿನ ಹಿಡಿದೀತು?”

“ಯಂತ್ರಕ್ಕೆ ಒಂದು ಗಳಿಗೆ. ತಪ್ಪು ತಿದ್ದುವುದಕ್ಕೆ ತಿಂಗಳುಗಳು.”

ಪೂಜ್ಯರ ಸನ್ನಿಧಿಯಲ್ಲಿ ನಡೆದ ಸಭೆಯಲ್ಲಿ ಆದ ತೀರ್ಮಾನ ಒಂದೇ ಪಕ್ಷದ ಜಯವಾಗಿರಲಿಲ್ಲ. ಲೆಕ್ಕಪತ್ರಗಳ ತಂತ್ರಾಂಶವೂ ಸರಕಾರಕ್ಕೆ ಸಲ್ಲಿಸುವ ವಿವರಗಳಿಗೆ ಬೇಕಾದ ಅಂಕೀಯ ಸಹಿಯ ಸಾಧನವೂ ವಿಂಡೋಸ್‌ನಲ್ಲೇ ಸುಗಮವಾಗಿ ನಡೆಯುವುದರಿಂದ ಕಚೇರಿಗೆ ಒಂದು ಹೊಸ ವಿಂಡೋಸ್ ಯಂತ್ರವನ್ನು ಕೊಳ್ಳಲಾಯಿತು. ಮ್ಯಾಕನ್ನು ವಂದನೆಗಳೊಡನೆ ಅದರ ಒಡೆಯರಿಗೆ ಹಿಂದಿರುಗಿಸಲಾಯಿತು. ಗಣಕ ಕೊಠಡಿಯ ಯಂತ್ರಗಳೆಲ್ಲಕ್ಕೂ ಹಳೆಯ ತಟ್ಟೆಯ ಬದಲು ವೇಗದ ಎಸ್‌ಎಸ್‌ಡಿ ಸಂಗ್ರಹವನ್ನು ಜೋಡಿಸಿ ಮಿಂಟ್ ಹಾಕಲಾಯಿತು. ನೆನಪಿನ ಶಕ್ತಿ ತೀರ ಕಡಮೆಯಿದ್ದವಕ್ಕೆ ಎಕ್ಸ್‌ಎಫ್‌ಸಿಇ ಆವರಣ.

“ನಾಳೆ ಹೊರಗೆ ನೌಕರಿಗೆ ಹೋದರೆ ವಿಂಡೋಸ್ ಕೇಳುತ್ತಾರಲ್ಲ?” ಎಂಬ ಆಕ್ಷೇಪಣೆ ಪೋಷಕರಿಂದ ಬಂದೇ ಬಂತು. ಅದು ತಳ್ಳಿಹಾಕುವ ಮಾತಲ್ಲ. ಜರ್ಮನಿಯ ಮ್ಯೂನಿಕ್ ನಗರಸಭೆ ೨೦೦೩ರಲ್ಲಿ ಲಿನಕ್ಸ್‌ಗೆ ಹೋಗುವುದೆಂದು ನಿರ್ಧರಿಸಿ, ೨೦೧೩ರ ವೇಳೆಗೆ ಸುಮಾರು ೧೫,೦೦೦ ಯಂತ್ರಗಳನ್ನು ಬದಲಿಸಿ, ೨೦೧೭ರಲ್ಲಿ ಮತ್ತೆ ವಿಂಡೋಸ್‌ಗೆ ಮರಳುವುದೆಂದು ಗೊತ್ತುವಳಿ ಮಾಡಿದ ದೃಷ್ಟಾಂತವಿದೆ. ನೆರೆಯ ಕೇರಳದಲ್ಲಾದರೋ ೨೦೦೧ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಸ್ವತಂತ್ರ ತಂತ್ರಾಂಶವನ್ನೇ ನೆಚ್ಚಿಕೊಂಡಿತು. ಸರಕಾರಿ ಶಾಲೆಗಳ ಮಕ್ಕಳು ಲಿನಕ್ಸ್‌ನಲ್ಲೇ ಪಾಠ ಕಲಿತರು. ಶಿಕ್ಷಕಿಯವರು ಪೋಷಕರಿಗೆ ಕೊಟ್ಟ ಉತ್ತರ ಚಿಕ್ಕದು: “ಕಡತ ಎಂದರೇನು, ಅದನ್ನು ಎಲ್ಲಿಡಬೇಕು, ಹೇಗೆ ಹುಡುಕಬೇಕು ಎಂದು ಕಲಿತ ಮಗುವಿಗೆ ಗುಂಡಿ ಎಡಕ್ಕಿದ್ದರೇನು, ನಡುವಿಗಿದ್ದರೇನು? ಒಂದು ಮನೆಯಲ್ಲಿ ಅಡುಗೆ ಕಲಿತವಳು ಇನ್ನೊಂದು ಮನೆಯಲ್ಲಿ ಉಪವಾಸ ಬೀಳುವುದಿಲ್ಲ.”

ಪರಿವರ್ತನೆಯ ಕೆಲಸ ಕಾರ್ತಿಕದಲ್ಲಿ ಮೊದಲಾಯಿತು. ಒಂಬತ್ತನೆಯ ತರಗತಿಯ ಆರು ಮಕ್ಕಳು ಶಾಲೆ ಬಿಟ್ಟ ಮೇಲೆ ಒಂದೊಂದು ಗಂಟೆ ಕುಳಿತು, ಪರಿವರ್ತಿತವಾದ ಪಾಠವನ್ನು ಹಿರಿಯರ ಹಳೆಯ ಮುದ್ರಿತ ಹಾಳೆಗಳೊಡನೆ ಹೋಲಿಸಿದರು. ಕೆಲವು ಕಡೆ ದೀರ್ಘ ಹ್ರಸ್ವವಾಗಿತ್ತು, ಕೆಲವು ಕಡೆ ಒತ್ತು ಪಕ್ಕದ ಅಕ್ಷರಕ್ಕೆ ಜಿಗಿದಿತ್ತು. ನಡುನಡುವೆ ರಕಾರ ಳಕಾರಗಳ ಮುಂದೆ ನಕ್ಷತ್ರದ ಗುರುತುಗಳು ಕಂಡುಬಂದುವು. ಇವು ಯಂತ್ರದ ತಪ್ಪೆಂದು ಮಕ್ಕಳು ಅಳಿಸಹೊರಟಾಗ ಹಿರಿಯರು ತಡೆದರು. ಅವರು ಬಳಸುತ್ತಿದ್ದ ಅಕ್ಷರಶೈಲಿಯಲ್ಲಿ ಱ, ೞ ಗಳಿಗೆ ಸ್ಥಾನವಿರಲಿಲ್ಲ. ಓಲೆಯಲ್ಲಿ ಆ ಅಕ್ಷರಗಳು ಬಂದಲ್ಲೆಲ್ಲ ರ, ಳ ಎಂದು ಬರೆದು, ಮುಂದೆ ಯಾರಾದರೂ ಸರಿಪಡಿಸಲಿ ಎಂದು ಒಂದೊಂದು ನಕ್ಷತ್ರವನ್ನು ಹಚ್ಚಿಡುತ್ತ ಬಂದಿದ್ದರು. ಹದಿನೈದು ವರ್ಷ ಕಾದ ನಕ್ಷತ್ರಗಳವು. ಮಕ್ಕಳು ಒಂದೊಂದನ್ನೇ ಅಳಿಸಿ ಅಲ್ಲಲ್ಲಿ ಅದರದರ ಅಕ್ಷರವನ್ನು ಕೂರಿಸಿದರು. ಎರಡು ನಮೂನೆಯ ಕಾರವಿದೆಯೆಂದೂ, ಒಂದರ ಬದಲು ಇನ್ನೊಂದು ಬಂದರೆ ಅರ್ಥವೇ ಬೇರೆಯಾಗುವುದುಂಟೆಂದೂ ಅವರಿಗೆ ತರಗತಿಯಲ್ಲಿ ಹೇಳಿದ್ದು ಮರ್ಮಕ್ಕೆ ತಾಗಿದ್ದು ಆಗಲೇ.

ಶಿವರಾತ್ರಿಗೆ ಮೊದಲು ಕೆಲಸ ಮುಗಿಯಿತು. ಒಂದು ಸಂಜೆ ಹಿರಿಯರು ಮಿಂಟ್‌ನ ಹಳೆಯ ಯಂತ್ರದ ಮುಂದೆ ಕುಳಿತಿದ್ದ ಬಾಲಕಿಯೊಬ್ಬಳಿಗೆ ೞಕಾರವಿರುವ ಒಂದು ಪದವನ್ನು ಹೇಳಿ, ಎಲ್ಲ ಕಡತಗಳಲ್ಲಿ ಅದು ಎಲ್ಲೆಲ್ಲಿ ಬಂದಿದೆಯೋ ಹುಡುಕೆಂದರು. ಅಂತಹ ಹುಡುಕಾಟ ಹಿಂದೆ ಸಾಧ್ಯವೇ ಇರಲಿಲ್ಲ. ಅವಳು ಪದವನ್ನು ಬರೆದು ಗುಂಡಿಯನ್ನು ಒತ್ತಿದಳು. ಮೂರು ಕಡೆ ಸಿಕ್ಕಿತು. ಎರಡು, ಭಂಡಾರದಲ್ಲಿ ಈಗಲೂ ಇರುವ ಕಟ್ಟುಗಳವು. ಮೂರನೆಯದು ಹುಳು ತಿಂದುಹೋದ ಕಟ್ಟಿನದು.

“ಇದರ ಓಲೆ ತರಲೇ, ತಾತ?” ಎಂದು ಬಾಲಕಿ ಎದ್ದು ನಿಂತಳು.

“ಓಲೆ ಇಲ್ಲ ಮಗಳೇ. ಇದೇ ಓಲೆ” ಎಂದು ಹಿರಿಯರು ಪರದೆಯನ್ನು ತೋರಿಸಿದರು. ಅನಂತರ ಅದರ ಒಂದು ಪ್ರತಿಯನ್ನು ಕಚೇರಿಯ ಯಂತ್ರದಲ್ಲಿಯೂ, ಒಂದನ್ನು ಶಿಕ್ಷಕಿಯವರ ಬಳಿಯಲ್ಲಿಯೂ, ಒಂದನ್ನು ಕಾಗದದಲ್ಲಿ ಮುದ್ರಿಸಿ ಭಂಡಾರದ ಪೆಟ್ಟಿಗೆಯಲ್ಲಿಯೂ ಇರಿಸಲು ಹೇಳಿದರು. ಯಾವ ಮನೆ ಇಂದು ಅಚ್ಚುಕಟ್ಟಾಗಿದೆಯೋ ಅದು ನಾಳೆಯೂ ಹಾಗೆಯೇ ಇದ್ದೀತೆಂದು ಹೇಳಬಲ್ಲವರಿಲ್ಲ. ವ್ಯವಸ್ಥೆಗಳು ಬರುತ್ತವೆ, ಹತ್ತು ವರ್ಷ ಬಾಳುತ್ತವೆ, ಹೋಗುತ್ತವೆ. ಕಾಳು ಮಾತ್ರ ಯಾವ ಮನೆಯ ಉಗ್ರಾಣಕ್ಕೆ ಸುರಿದರೂ ಕಾಳೆಂದೇ ಗುರುತಾಗುವಂತಿರಬೇಕು. ಅಂದು ಮುದ್ರಣಯಂತ್ರ ಮೊದಲ ಯತ್ನಕ್ಕೇ ನಡೆಯಿತು.